ಟವೆಲಿನ ಕೆಳಗೆ ಐದು ಬೆರಳು

ಚನ್ನರಾಯಪಟ್ಟಣ
12-8-2024, ಸೋಮವಾರ

ನನ್ನ ಮುದ್ದು ನಿಧೀ,

ಅಮ್ಮ ಮಾಡುವ ಆಶೀರ್ವಾದ. ನಾನು ಗಟ್ಟಿಯಾಗಿದ್ದೇನೆ, ನನ್ನ ಚಿಂತೆ ನಿನಗೆ ಬೇಡ. ಫೋನಿನಲ್ಲಿ ‘ಊಟ ಆಯ್ತಾ’, ‘ಹೂಂ’ ಬಿಟ್ಟರೆ ನಮ್ಮಿಬ್ಬರಿಗೂ ಮಾತೇ ಹೊರಡುವುದಿಲ್ಲ. ಅದಕ್ಕೇ ಈ ಕಾಗದ, ನಾಳೆ ನಿನ್ನಪ್ಪನ ಕೈಲಿ ಕಳಿಸುತ್ತೇನೆ.

ಈ ಬುಧವಾರದಿಂದ ಕೌನ್ಸೆಲಿಂಗ್‌ಗೆ ಹೋಗುವುದಿಲ್ಲ ಅಂದೆಯಂತೆ, ಹಾಸನದಿಂದ ನಿನ್ನ ಚಿಕ್ಕಮ್ಮ ಹೇಳಿದಳು. ‘ಹುಚ್ಚರ ಡಾಕ್ಟ್ರತ್ರ ಹೋಗೋಳು’ ಅಂತ ಕಾಲೇಜಿನಲ್ಲಿ ಯಾರೋ ಆಡಿಕೊಂಡರಂತೆ. ಆಡುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನೀನು ಊರಿಗೆ ಬಾರದೆ ಹಾಸನದ ಚಿಕ್ಕಮ್ಮನ ಮನೆಯಲ್ಲೇ ಯಾಕೆ ಉಳಿದೆ ಎಂದು ಪಕ್ಕದ ಮನೆ ಮಲ್ಲಿಗಮ್ಮ ಕೇಳಿದಾಗ ಹಲ್ಲುನೋವಿಗೆ ತೋರಿಸುತ್ತಿದ್ದೇವೆ ಅಂದಿದ್ದೆ. ‘ಇನ್ನೂ ಎಷ್ಟ್ ಹಲ್ಲವ್ವ ಆ ಮಗೀಗೆ?’ ಅಂದುಬಿಟ್ಟರು! ಕೊನೆಗೆ ನಿಜ ಹೇಳಿದೆ. ನನ್ನ ಮಗಳಿಗೆ ಬದುಕೇ ಬೇಡ ಅನ್ನಿಸಿತ್ತು, ಚಿಕಿತ್ಸೆ ಕೊಡಿಸುತ್ತಿದ್ದೇವೆ ಅಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಮೊದಲ ದಿನ ನೆನಪಿದೆಯೇ? ನೋವು ಎಷ್ಟಿದೆ, ಒಂದರಿಂದ ಐದರೊಳಗೆ ಹೇಳು ಎಂದು ಕೌನ್ಸೆಲಿಂಗ್ ಮೇಡಂ ಕೇಳಿದರೆ ನೀನು ತುಟಿ ಬಿಚ್ಚಲಿಲ್ಲ. ನಿನ್ನಪ್ಪನಿಗೆ ತೆಂಗಿನಕಾಯಿ ವ್ಯಾಪಾರ ಬಿಟ್ಟು ಬೇರೇನು ಗೊತ್ತು ಎಂದು ರೇಗಿಸುತ್ತಿದ್ದವಳು ನಾನು. ಕಾಯಿ ಮಂಡಿಯಲ್ಲಿ ಸುತ್ತಲಿನವರಿಗೆ ಕಾಣದಂತೆ ಟವೆಲಿನಡಿ ಬೆರಳು ಹಿಡಿದೇ ದರ ಹೇಳುತ್ತಾರಲ್ಲ, ಹಾಗೇ ನಿನ್ನಪ್ಪ ಹೆಗಲ ಟವೆಲ್ ತೆಗೆದು ನಿನ್ನ ಕೈ ಮೇಲೆ ಹಾಸಿ, ತಮ್ಮ ಕೈ ಒಳಗೆ ಚಾಚಿದರು. ‘ಬಾಯ್ಬುಟ್ಟು ಹೇಳಕ್ಕಾಗ್ದಿದ್ರೆ ಬ್ಯಾಡ ಕಣವ್ವ, ಬೆರಳು ಹಿಡ್ಕೋ’ ಅಂದರು. ನೀನು ಐದೂ ಬೆರಳು ಹಿಡಿದೆ. ಎಂಥ ದರ ಕೇಳಿದರೂ ಮುಖ ಬದಲಿಸದ ಮನುಷ್ಯ, ಮೇಡಂ ಎದುರಿಗೇ ಅತ್ತುಬಿಟ್ಟರು. ಆದರೆ ನಿನ್ನ ಕೈ ಮಾತ್ರ ಬಿಡಲಿಲ್ಲ.

ಹೋದ ಸಲ ಎರಡೇ ಬೆರಳು ಹಿಡಿದೆಯಂತೆ. ನಿನ್ನಪ್ಪ ಹಾಸನದಿಂದ ಬಂದು ಬಸ್ಸಿಳಿದವರೇ ಮೈಸೂರುಪಾಕು ತಂದಿದ್ದರು. ನೋವು ಎರಡಕ್ಕೆ ಇಳಿಯಿತೆಂದು ಹೋಗುವುದನ್ನು ನಿಲ್ಲಿಸಬೇಡ ಕಂದ. ನಾಳೆ ಮತ್ತೆ ಐದಾದರೂ ನಮಗೆ ಬೇಸರವಿಲ್ಲ, ಮುಚ್ಚಿಟ್ಟುಕೊಳ್ಳಬೇಡ ಅಷ್ಟೆ. ಯಾವ ಹೊತ್ತಿನಲ್ಲಾದರೂ ಫೋನ್ ಮಾಡು, ಚಿಕ್ಕಮ್ಮನನ್ನು ಎಬ್ಬಿಸು. ಮಾರ್ಕ್ಸ್ ಹಾಳಾಗಿ ಹೋಗಲಿ, ನಮಗೆ ನೀನು ಬೇಕು.

ನಿನ್ನ
ಅಮ್ಮ

ತಾ.ಕ.: ಗಟ್ಟಿಯಾಗಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು ಕಣೇ. ನಿನ್ನೆ ಬೆಳಿಗ್ಗೆ ನಿನ್ನಪ್ಪ ಒಲೆ ಮುಂದೆ ಬಂದು ನನ್ನ ಕೈ ಮೇಲೆ ಟವೆಲ್ ಹಾಸಿದರು. ನಾನು ನಾಲ್ಕು ಹಿಡಿದೆ. ಅವರು ಫೋನ್ ಮಾಡಿ ಹೇಳಿದ್ದಕ್ಕೆ ಬುಧವಾರ ಮೇಡಂ ನನ್ನನ್ನೂ ಬರಹೇಳಿದ್ದಾರೆ. ಒಬ್ಬಳೇ ಒಳಗೆ ಹೋಗಲು ಭಯವಾಗುತ್ತದೆ. ಜೊತೆಗೆ ಬರುತ್ತೀಯಾ?