ಊಟದ ಮೇಜಿನ ಸಂದರ್ಶನ

ನನ್ನ ಮಗನ ಅಪ್ಪನಿಗೆ,

ನಿಮ್ಮ ಬಲಗೈ ಮಣಿಕಟ್ಟು ಮುರಿದಿದೆ ಎಂದು ಡಾಕ್ಟರು ಹೇಳಿದರು. ಮೆಟ್ಟಿಲಿನಿಂದ ಬಿದ್ದೆ ಎಂದಿರಂತೆ. ಇಸ್ತ್ರಿಪೆಟ್ಟಿಗೆಯಿಂದ ಹೊಡೆದವಳು ನಾನೇ ಎಂದು ಅವರಿಗೆ ಹೇಳಿ ಬಂದಿದ್ದೇನೆ.

ವಿದೇಶದ ಆ ದೊಡ್ಡ ವಿಶ್ವವಿದ್ಯಾಲಯದ ಪ್ರೊಫೆಸರಂತೆ ನೀವು ಊಟದ ಮೇಜಿನ ಮುಂದೆ ಕೂತು ಇವನನ್ನು ಅಲ್ಲಿನ ಸೀಟಿನ ಸಂದರ್ಶನಕ್ಕೆ ಪಳಗಿಸುತ್ತಿದ್ದಿರಿ. ಉತ್ತರ ತಡವಾದರೆ ಕೆನ್ನೆಗೆ ಏಟು. "ಲೋ, ಅವರು ನಿನ್ನ ಬಾಯಿ ನೋಡ್ಕೊಂಡು ಕೂತಿರ್ತಾರಾ?" ತುಟಿ ಒಡೆದ ದಿನ ನಾನು ಐಸ್ ಇಟ್ಟೆ, ಇಡುತ್ತಲೇ ಅವನ ಇಂಗ್ಲಿಷ್ ಉಚ್ಚಾರಣೆ ತಿದ್ದಿದೆ. ಅದೆಂಥ ತಾಯ್ತನವೋ ನನಗಿನ್ನೂ ತಿಳಿಯುತ್ತಿಲ್ಲ.

ನಿನ್ನೆ ನಿಜವಾದ ಸಂದರ್ಶನ ಚೆನ್ನಾಗಿಯೇ ನಡೆಯುತ್ತಿತ್ತು. ಕಂಪ್ಯೂಟರ್ ಪರದೆಯ ಮೇಲಿದ್ದ ಪ್ರೊಫೆಸರಮ್ಮ ಕನ್ನಡಕ ಸರಿಮಾಡಿಕೊಳ್ಳಲು ಕೈ ಎತ್ತಿದರು. ಇವನು ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡ. ಆಕೆ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, ಕೊನೆಯವರೆಗೂ ಕದಲಿಸದೆ ಮಾತಾಡಿದರು.

ಪರದೆ ಆರಿದೊಡನೆ ನೀವು ಬೆಲ್ಟ್ ಬಿಚ್ಚಿದಿರಿ. "ಊರೆಲ್ಲಾ ಹೇಳ್ಕೊಂಡು ಬಂದಿದೀನಿ, ಮಾನ ಕಳೆದ್ಯಲ್ಲೋ!" ಅವನು ನೆಲಕ್ಕೆ ಬಿದ್ದು, ಕಿವಿಯಿಂದ ರಕ್ತ ಬಂದರೂ ನೀವು ನಿಲ್ಲಿಸಲಿಲ್ಲ. ನಿಮ್ಮನ್ನು ತಡೆಯಲು ಒಂದು ಏಟು ಸಾಕಿತ್ತು. ನಾನು ಎರಡು ಹಾಕಿದೆ.

ನಿಮ್ಮ ಬಟ್ಟೆ, ಮಾತ್ರೆಗಳು ವಾಚ್‌ಮನ್ ಬಳಿ ಇವೆ. ಮನೆಯ ಬೀಗ ಬದಲಾಯಿಸಿದ್ದೇನೆ. ಪೊಲೀಸರಿಗೆ ನೀವು ಹೇಳುವುದನ್ನು ಹೇಳಿ, ನಾನೂ ಹೇಳುತ್ತೇನೆ.

ಬೆಳಿಗ್ಗೆ ಇವನು, "ಅಮ್ಮಾ, ಸೀಟು ಸಿಗ್ಲಿಲ್ಲ ಅಂದ್ರೆ ಅಪ್ಪ ವಾಪಸ್ ಬರ್ತಾರಾ?" ಎಂದು ಕೇಳಿದ. ಸಿಕ್ಕರೂ ಬರುವುದಿಲ್ಲ ಎಂದಿದ್ದೇನೆ. ದಯವಿಟ್ಟು ಆ ಮಾತು ಉಳಿಸಿ.

ಇತಿ,
ಅವನ ಅಮ್ಮ