ಪಟ್ಟಿಯ ಮೊದಲ ಹೆಸರು

ಗಾಸೆಕೆ ಬೆಟ್ಟ, ರುವಾಂಡಾ
24 ಮಾರ್ಚ್ 1994, ಗುರುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಚಿಕ್ಕಮ್ಮನಿಗೆ ಹೆರಿಗೆಯಾಯಿತೇ? ತಾಂಜಾನಿಯಾದ ಬಾಳೆಕಾಯಿ ಎಷ್ಟು ಬೇಯಿಸಿದರೂ ಬೇಯುವುದಿಲ್ಲವೆಂದು ದೂರಿದ್ದೆಯಲ್ಲ, ಸದರಿ ದೂರನ್ನು ಈ ಕಚೇರಿ ಗಂಭೀರವಾಗಿ ಪರಿಗಣಿಸಿದೆ. ಕಚೇರಿ ಎಂದರೆ ನಾನೇ. ನನ್ನ ಅಕ್ಷರ ದುಂಡಗಿದೆಯೆಂದು ಅಪ್ಪ ನನ್ನನ್ನು ತಮ್ಮ ಸರ್ಕಾರಿ ಕಚೇರಿಗೆ ಸಹಾಯಕ ಗುಮಾಸ್ತೆಯಾಗಿ ನೇಮಿಸಿಕೊಂಡಿದ್ದಾರೆ. ಸಂಬಳ, ದಿನಕ್ಕೊಂದು ಬೈಗುಳ.

ಬೆಟ್ಟದ ಮೇಲಿರುವ ಟುಟ್ಸಿಗಳ ಪಟ್ಟಿಯಾಗಬೇಕು, ಗುರುತಿನ ಚೀಟಿಯಲ್ಲಿ ಜನಾಂಗ ನೋಡಿಯೇ ಆಗಬೇಕು ಎಂದು ಮೇಲಿನಿಂದ ಆದೇಶ ಬಂದಿದೆ. ಅಪ್ಪ ಹೇಳುತ್ತಾರೆ, ನಾನು ಬರೆಯುತ್ತೇನೆ. ಬೇಸರವಾಗಿ ಒಂದು ಪುಟದಲ್ಲಿ ನಮ್ಮ ಮೇಕೆಯನ್ನೂ ಸೇರಿಸಿದೆ: ವಯಸ್ಸು ಮೂರು, ಉದ್ಯೋಗ ಮೇಯುವುದು. ಅಪ್ಪ ನಗಲಿಲ್ಲ. ಇಡೀ ಪುಟ ಮತ್ತೆ ಬರೆಸಿದರು. "ತಪ್ಪಿದ್ರೆ ಬೇರೆಯವ್ರ ಮನೆಗೆ ಹೋಗ್ಬಿಡ್ತಾರೆ ಕಣೇ" ಎಂದರು. ಯಾರು ಹೋಗುತ್ತಾರೆ ಎಂದು ಕೇಳಿದೆ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕಚೇರಿಯ ಹಿಂದಿನ ಕೋಣೆಯಲ್ಲಿ ಹೊಸ ಮಚ್ಚುಗಳ ಪೆಟ್ಟಿಗೆಗಳಿವೆ, ಅಮ್ಮಾ. "ಬೇಸಾಯದ ಸಲಕರಣೆ" ಎಂಬ ರಶೀದಿಗೆ ಅಪ್ಪನ ಸಹಿ ಇದೆ. ಒಂದು ಗುದ್ದಲಿಯನ್ನೂ ನಾನು ಕಾಣಲಿಲ್ಲ. ಅಂದಿನಿಂದ ಅಕ್ಷರ ಸೊಟ್ಟಗಾಗುತ್ತಿದೆ. ಅದಕ್ಕೂ ಬೈಗುಳ.

ಭಾನುವಾರ ಕೌನ್ಸಿಲರ್ ಸೆಂಬಾಗಾರೆ ಬಂದಿದ್ದ. ಪಟ್ಟಿ ತಿರುವಿ, "ಏನ್ ಸಾಹೇಬ್ರೇ, ಊರ್ ಮನೆಯೆಲ್ಲಾ ಬರ್ಕೊಂಡ್ರಿ, ನಿಮ್ಮನೆ ಬಾಗ್ಲು ಮಾತ್ರ ಕಾಣ್ಲಿಲ್ವಾ?" ಎಂದು ಕುಟುಕಿದ. ಅಪ್ಪ ಬಾಳೆಹಣ್ಣಿನ ಬಿಯರ್ ತರಿಸಿದರು. ವಿಷವಿಲ್ಲವೆಂದು ತೋರಿಸಲು ಮನೆಯವನೇ ಮೊದಲು ಕುಡಿಯಬೇಕಲ್ಲ, ಹಾಗೆ ಕುಡಿದು, ಮಡಕೆಯನ್ನು ಅವನತ್ತ ಸರಿಸಿದರು. "ನಾನು ಮೊದ್ಲು ಕುಡೀದೇ ನಿಂಗೆ ಯಾವತ್ತಾದ್ರೂ ಕೊಟ್ಟಿದೀನೇನಯ್ಯಾ?" ಎಂದವರೇ ಪೆನ್ನು ಕಿತ್ತುಕೊಂಡು, ಎಲ್ಲರಿಗಿಂತ ಮೇಲೆ, ಒಂದನೇ ನಂಬರಿನಲ್ಲಿ ನಿನ್ನ ಹೆಸರು ಬರೆದರು. ನಾವು ಮಕ್ಕಳು ಅಪ್ಪನ ಕಡೆಯಿಂದ ಹುಟುಗಳು. ಈ ಮನೆಯಲ್ಲಿ ಟುಟ್ಸಿ ನೀನೊಬ್ಬಳೇ. ಸೆಂಬಾಗಾರೆ ತೃಪ್ತನಾಗಿ ಕುಡಿದ.

ಚಿಕ್ಕಮ್ಮನಿಗೆ ನಮಸ್ಕಾರ, ಹುಟ್ಟಿದ್ದರೆ ಮಗುವಿಗೆ ಮುತ್ತು.

ನಿನ್ನ ವಿಧೇಯ ಮಗಳು, ಬೈಗುಳದ ಸಂಬಳದವಳು,
ಉವಿನೆಜಾ

ಮರೆತಿದ್ದೆ: ಇದೇ ಬಸ್ಸಿನಲ್ಲಿ ಅಪ್ಪನ ಕಾಗದವೂ ಬರುತ್ತಿದೆ. ಎಲ್ಲ ಶಾಂತವಾಗಿದೆ, ಈಸ್ಟರಿಗೆ ಬಂದುಬಿಡು ಎಂದು ಬರೆದಿದ್ದಾರೆ. ನಿನ್ನ ಹೆಸರಿನ ಮುಂದೆ ಅವರು "ಊರಲ್ಲಿಲ್ಲ" ಎಂದು ಬರೆದಿದ್ದರು. ವಾಪಸಾಗುವ ದಿನ ತುಂಬಿಲ್ಲವೆಂದು ನಿನ್ನೆ ಮೇಲಿನವರಿಂದ ಪಟ್ಟಿ ಹಿಂದಿರುಗಿ ಬಂತು. "ಏಪ್ರಿಲ್ 2" ಎಂದು ತುಂಬಿದರು. ಆಮೇಲೆ ನಿನಗೆ ಕಾಗದ ಬರೆಯಲು ಕೂತರು. ಬರೆಯುತ್ತಾ ಅಳುತ್ತಿದ್ದರು, ಆದರೂ ಬರೆದು ಮುಗಿಸಿದರು. ನಾನು ಎಷ್ಟು ಸಲ ನಿನಗೆ ಸುಳ್ಳು ಹೇಳಿದ್ದೇನೋ ನನಗೇ ಗೊತ್ತಿಲ್ಲ. ಇದೊಂದನ್ನು ನಂಬು. ಬರಬೇಡ. ನಾನೇ ಬಾ ಎಂದು ಬರೆದರೂ ಬರಬೇಡ, ನನ್ನ ಕೈಯಿಂದ ಬರೆಸಿರುತ್ತಾರೆ.