ಟೋಪಿ ತೆಗೆಸಿದ ದಿನ

ಆಲ್ಡರ್ ಫಾಲ್ಸ್, ವಿಸ್ಕಾನ್ಸಿನ್
೧೭ ಜೂನ್ ೧೯೫೧, ಭಾನುವಾರ

ಪ್ರೀತಿಯ ಮತೂಷ್,

ಹೇಗಿದ್ದೀಯ ಮಗನೇ? ಕೆಮ್ಮು ನಿಂತಿತೆ? ಜರ್ಮನಿಯ ಆ ಬೆಟ್ಟದಲ್ಲಿ ಬೇಸಿಗೆಯಲ್ಲೂ ಥಂಡಿ ಅಂತ ಬರೆದಿದ್ದೆ. ಅಮ್ಮ ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯೋ, ಸೈನ್ಯದ ಜೊತೆಯ ಹುಡುಗರು ನಗುತ್ತಾರೆಂದು ಪೆಟ್ಟಿಗೆಯ ತಳಕ್ಕೆ ತುರುಕಿದ್ದೀಯೋ? ನಕ್ಕರೆ ನಗಲಿ, ಹಾಕಿಕೋ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮೊಣಕಾಲು ಮಳೆ ಬರುವ ಮುನ್ನಾದಿನ ನೋಯುತ್ತದೆ. ರೇಡಿಯೋದವನಿಗಿಂತ ತನ್ನ ಕಾಲೇ ವಾಸಿ ಅನ್ನುತ್ತಾಳೆ. ಎಲೆಕೋಸಿನ ಸಸಿಗಳನ್ನು ಈ ಸಲವೂ ಮೊಲಗಳು ಬಿಡಲಿಲ್ಲ. ಮತ್ತೆ ನೆಟ್ಟಿದ್ದೇನೆ.

ಈ ಕಾಗದ ಅಂಚೆಯಲ್ಲಿ ಬರಲಿಲ್ಲವಲ್ಲ ಅಂತ ನಿನಗೆ ಆಶ್ಚರ್ಯ ಆಗಿರಬೇಕು. ನಮ್ಮ ಪಾದ್ರಿಗಳ ತಂಗಿಯ ಮಗ ರಜೆ ಮುಗಿಸಿ ಫ್ರಾಂಕ್‌ಫರ್ಟಿಗೆ ವಾಪಸು ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಯಾಕೆ ಅಂತ ಓದುತ್ತಾ ಗೊತ್ತಾಗುತ್ತದೆ. ನನಗೇ ಪೂರ್ತಿ ಗೊತ್ತಾಗಿಲ್ಲ, ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀನು ಓದಿದವನು, ನಿನಗೆ ಏನಾದರೂ ಅರ್ಥವಾದೀತು.

ಹಿಮ ಕರಗುತ್ತಿದ್ದ ದಿನಗಳಲ್ಲಿ ಕ್ಲಿಫರ್ಡ್ ಓಸ್ಟರ್ ನಮ್ಮನೆಗೆ ಬಂದ. ಕಬ್ಬಿಣದ ಅಂಗಡಿಯ ಕ್ಲಿಫರ್ಡ್, ನಿನಗೆ ಮೊದಲನೇ ಸೈಕಲ್ಲನ್ನು ಅರ್ಧ ಬೆಲೆಗೆ ಕೊಟ್ಟವನು. ಈಗ ಊರಿನ ಮಾಜಿ ಸೈನಿಕರ ಸಂಘಕ್ಕೆ ಅವನೇ ಅಧ್ಯಕ್ಷ. ಅಡುಗೆಮನೆಯಲ್ಲಿ ಕೂತು, ಅಮ್ಮ ಕೊಟ್ಟ ಕಾಫಿ ಕುಡಿಯುತ್ತಾ ಒಂದು ವಿಚಾರ ತೆಗೆದ. ಮೇ ಒಂದನೇ ತಾರೀಕು ಇಡೀ ಊರು ಒಂದು ದಿನದ ಮಟ್ಟಿಗೆ ಕಮ್ಯುನಿಸ್ಟರ ಕೈಗೆ ಸಿಕ್ಕಿದ ಹಾಗೆ ನಾಟಕ ಆಡುವುದಂತೆ. ಮೇಯರನ್ನು ಹಾಸಿಗೆಯಿಂದ ಎಬ್ಬಿಸಿ ದಸ್ತಗಿರಿ ಮಾಡುವುದು, ಚರ್ಚಿಗೆ ಬೀಗ, ಹೋಟೆಲಿನಲ್ಲಿ ಕರಿ ಬ್ರೆಡ್ಡು ಮತ್ತು ಆಲೂಗೆಡ್ಡೆ ಸಾರು ಬಿಟ್ಟು ಬೇರೇನೂ ಇಲ್ಲ. ಆಗ ಜನಕ್ಕೆ ಸ್ವಾತಂತ್ರ್ಯದ ಬೆಲೆ ತಿಳಿಯುತ್ತದೆ, ಪೇಪರಿನವರೂ ಬಂದು ಫೋಟೋ ಹಿಡಿಯುತ್ತಾರೆ ಅಂದ. ಎಲ್ಲಾ ಪಾತ್ರಕ್ಕೂ ಜನ ಸಿಕ್ಕಿದ್ದರು, ಆಜ್ಞೆ ಕೂಗುವ ರಷ್ಯನ್ ದಂಡಾಧಿಕಾರಿಯೊಬ್ಬ ಮಾತ್ರ ಬೇಕಾಗಿತ್ತು.

"ಜಾರ್ಜ್, ನಿನಗೆ ವೇಷಾನೂ ಬೇಡ ಮಾರಾಯ, ಬಾಯಿ ಬಿಟ್ರೆ ಸಾಕು," ಅಂದು ನಕ್ಕ. ನಾನೂ ನಕ್ಕೆ. ಯುರಾಯ್ ಅನ್ನುವ ನನ್ನ ಹೆಸರು ಹೇಳಲು ಬಾರದೆ ಊರಿನವರು ಜಾರ್ಜ್ ಮಾಡಿಕೊಂಡಿದ್ದಾರೆ, ನನ್ನ ಉಚ್ಚಾರಣೆ ಆಡಿಕೊಂಡು ನಗುತ್ತಾರೆ. ನನಗೆ ಅದರಿಂದ ಬೇಜಾರಿಲ್ಲ, ಆಡಿಕೊಳ್ಳುವುದೂ ಒಂದು ಬಗೆಯ ಸಲಿಗೆಯೇ. ಆದರೆ ಅವನು ಹೋದಮೇಲೆ ಅಮ್ಮ ಬಟ್ಟಲು ತೊಳೆಯುತ್ತಾ, "ಇವರಿಗೆ ನಾವು ಸ್ಲೋವಾಕರೋ ರಷ್ಯನ್ನರೋ ಅನ್ನೋದೇ ಗೊತ್ತಿಲ್ಲ. ನೀವೇ ಹೋಗಿ ಇನ್ನಷ್ಟು ಗೊಂದಲ ಮಾಡ್ತೀರಾ?" ಅಂದಳು. ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಗಿತ್ತು. ಇಷ್ಟು ವರ್ಷ ಮಿಲ್ಲಿನಲ್ಲಿ ಕಾಗದದ ಸುರುಳಿ ಎತ್ತಿಟ್ಟವನನ್ನು ಈ ಊರು ಮೊದಲ ಸಲ ವೇದಿಕೆ ಮೇಲೆ ಬಾ ಅಂತ ಕರೆದಿತ್ತು.

ಆ ದಿನ ನೀನಿದ್ದಿದ್ದರೆ ನಕ್ಕು ನಕ್ಕು ಸುಸ್ತಾಗುತ್ತಿದ್ದೆ. ಮೇಯರ್ ಪಟ್ಟೆಪಟ್ಟೆಯ ಪೈಜಾಮದಲ್ಲಿ ಕೈ ಮೇಲೆತ್ತಿಕೊಂಡು ಬಂದ, ಅವನ ಹೆಂಡತಿ ಹಿಂದಿನಿಂದ ಚಪ್ಪಲಿ ಹಿಡಿದುಕೊಂಡು ಓಡಿ ಬಂದಳು. ಗ್ರಂಥಾಲಯದ ಪುಸ್ತಕಗಳನ್ನು ಗಾಡಿಗೆ ತುಂಬಿದರು. ಮಿಲ್ಲಿನವರು ಬೆಳಗಿನ ಪಾಳಿಗೆ ರಜಾ ಕೊಟ್ಟಿದ್ದರಿಂದ ಚೌಕದ ತುಂಬ ಜನ. ಕರಿ ಬ್ರೆಡ್ಡು ಕಚ್ಚಿ ಎಲ್ಲರೂ ಮುಖ ಸಿಂಡರಿಸಿದರು. ನನಗೆ ಮಾತ್ರ ರುಚಿಯಾಗಿತ್ತು, ನಿನ್ನಜ್ಜಿ ಮಾಡುತ್ತಿದ್ದುದು ಅದೇ ಬ್ರೆಡ್ಡು. ಇನ್ನೊಂದು ತುಂಡು ಕೇಳಿದೆ. ಕೇಳಬಾರದಿತ್ತೋ ಏನೋ, ಹೋಟೆಲಿನ ಹುಡುಗಿ ನನ್ನನ್ನೊಂದು ಥರಾ ನೋಡಿದಳು.

ಆಮೇಲೆ ನನ್ನ ಸರದಿ. ಕ್ಲಿಫರ್ಡ್ ಬರೆದುಕೊಟ್ಟಿದ್ದ ಘೋಷಣೆಯನ್ನು ವೇದಿಕೆ ಹತ್ತಿ ಓದಿದೆ: ಇವತ್ತಿನಿಂದ ಮಿಲ್ಲು ಸರ್ಕಾರದ್ದು, ಚರ್ಚು ಮುಚ್ಚಿದೆ, ಸಭೆ ಸೇರುವಂತಿಲ್ಲ. ಜನ ಹುಡುಗರ ಆಟ ನೋಡುವ ಹಾಗೆ ನೋಡುತ್ತಿದ್ದರು, ಹಿಂದಿನವರು ಹರಟೆ ಹೊಡೆಯುತ್ತಿದ್ದರು. ಆಗ ಯಾರೋ, "ರಷ್ಯನ್ನಲ್ಲಿ ಹೇಳೋ ಜಾರ್ಜ್, ಇಂಗ್ಲಿಷಲ್ಲಿ ಹೆದರಿಕೆ ಆಗ್ತಿಲ್ಲ," ಎಂದು ಕೂಗಿದರು. ನನಗೆಲ್ಲಿಂದ ಬರಬೇಕು ರಷ್ಯನ್? ಏನು ಹೇಳಲಿ ಅಂತ ನಿಂತಿದ್ದಾಗ, ಮತೂಷ್, ನಾನು ಹುಡುಗನಾಗಿದ್ದಾಗಿನ ನಮ್ಮ ಹಳ್ಳಿ ಕಣ್ಣಮುಂದೆ ಬಂತು. ಜಮೀನ್ದಾರನ ಕಾರಭಾರಿ ಕುದುರೆಯ ಮೇಲೆ ಬಂದಾಗ ಹೊಲದಲ್ಲಿದ್ದವರೆಲ್ಲ ಟೋಪಿ ತೆಗೆದು ನಿಲ್ಲಬೇಕಿತ್ತು. ನಮ್ಮಪ್ಪ ಒಮ್ಮೆ ತಡಮಾಡಿದ್ದಕ್ಕೆ ಅವನು ಕೂಗಿದ್ದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಅದೇ ಮಾತನ್ನು, ಅದೇ ಗಂಟಲಿನಲ್ಲಿ, ನಮ್ಮ ಭಾಷೆಯಲ್ಲೇ ಕೂಗಿದೆ. ಆಮೇಲೆ ಇಂಗ್ಲಿಷಿನಲ್ಲೂ ಹೇಳಿದೆ: ಟೋಪಿ ತೆಗೆಯಿರಿ.

ತೆಗೆದರು.

ಯಾರೂ ನಗಲಿಲ್ಲ. ಮೊದಲು ಮುಂದಿನ ಸಾಲಿನವರು, ಆಮೇಲೆ ಹಿಂದಿನವರು. ಕ್ಷೌರದಂಗಡಿಯವನು, ಮಿಲ್ಲಿನ ಮೇಸ್ತ್ರಿ, ಬ್ಯಾಂಕಿನ ಯಜಮಾನರು, ಯುದ್ಧದಲ್ಲಿ ಪದಕ ಪಡೆದ ಕ್ಲಿಫರ್ಡ್ ಕೂಡ, ಟೋಪಿಯನ್ನು ಎದೆಗೆ ಹಿಡಿದುಕೊಂಡು ನಿಂತರು. ಅವರ ಬೋಳು ನೆತ್ತಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನಾಟಕದಲ್ಲಿ ಆ ಸಾಲು ಇರಲೇ ಇಲ್ಲ. ಏನು ಮಾಡಬೇಕೋ ನನಗೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಾಗಲಿಲ್ಲ. ಸಾಕು, ಹಾಕಿಕೊಳ್ಳಿ ಎಂದು ನಾನು ತಕ್ಷಣ ಹೇಳಬೇಕಿತ್ತು. ಹೇಳಲಿಲ್ಲ. ಹೆದರಿಕೆಯಾಗಿತ್ತು, ಅದರ ಜೊತೆಗೆ ಇನ್ನೊಂದೂ ಇತ್ತು, ಅದಕ್ಕೆ ಯಾವ ಹೆಸರು ಕೊಡಲಿ ಅಂತ ಈಗಲೂ ಯೋಚಿಸುತ್ತೇನೆ. ಕೊನೆಗೆ ಬ್ಯಾಂಡಿನವರು ತಮ್ಮಷ್ಟಕ್ಕೆ ತಾವೇ ಬಾರಿಸತೊಡಗಿದರು, ಜನ ಟೋಪಿ ಹಾಕಿಕೊಂಡು ಅತ್ತಿತ್ತ ಹೋದರು.

ಸಂಜೆ ಬಾವುಟ ಮತ್ತೆ ಏರಿಸಿ, ಕೆಂಪು ಕಾಗದಗಳನ್ನೆಲ್ಲ ಬೆಂಕಿಗೆ ಹಾಕಿ, ಎಲ್ಲರೂ ಸಾಸೇಜು ತಿಂದರು. ಯಾರಾದರೂ ಬಂದು ಬೆನ್ನು ತಟ್ಟುತ್ತಾರೆ ಅಂತ ನಾನು ತಟ್ಟೆ ಹಿಡಿದುಕೊಂಡು ಕಾದೆ. ಕ್ಷೌರದಂಗಡಿಯವನು ಮಾತ್ರ ಹತ್ತಿರ ಬಂದು, "ಚೆನ್ನಾಗಿ ಮಾಡ್ದೆ ಜಾರ್ಜ್. ಸ್ವಲ್ಪ ಜಾಸ್ತೀನೇ ಚೆನ್ನಾಗಿತ್ತು," ಅಂದು ಹೋದ.

ಅಲ್ಲಿಂದ ಶುರುವಾಯಿತು. ಏನು ಶುರುವಾಯಿತು ಅಂತ ಕೇಳಿದರೆ ಬೊಟ್ಟು ಮಾಡಿ ತೋರಿಸಲಾರೆ. ಬೌಲಿಂಗ್ ತಂಡದಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಿದ್ದರು, ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಅಮ್ಮ ಹಬ್ಬಕ್ಕೆ ಸುತ್ತುವ ಗಸಗಸೆ ರೊಟ್ಟಿಗೆ ಪ್ರತಿವರ್ಷ ಕೇಳುತ್ತಿದ್ದ ಹೆಂಗಸರು ಈ ವರ್ಷ ತೂಕ ಇಳಿಸುತ್ತಿದ್ದಾರಂತೆ, ಎಲ್ಲರೂ ಒಟ್ಟಿಗೇ. ಪಕ್ಕದ ಮನೆಯ ಪುಟ್ಟ ಹುಡುಗಿ ಬೇಲಿಯ ಸಂದಿಯಿಂದ, "ತಾತ, ಬಾಂಬ್ ಯಾವಾಗ ಹಾಕ್ತೀರಾ?" ಅಂತ ಕೇಳಿದಳು. ಶಾಲೆಯಲ್ಲಿ ಅವರಿಗೆ ಗಂಟೆ ಹೊಡೆದ ಕೂಡಲೇ ಮೇಜಿನ ಕೆಳಗೆ ನುಗ್ಗುವುದನ್ನು ಅಭ್ಯಾಸ ಮಾಡಿಸುತ್ತಾರೆ. ಯಾವಾಗ ಅಂತ ಮೊದಲೇ ಗೊತ್ತಿದ್ದರೆ ಅವತ್ತು ಒಳ್ಳೆ ಲಂಗ ಹಾಕಿಕೊಂಡು ಹೋಗುವುದಿಲ್ಲವಂತೆ, ಅದಕ್ಕೇ ಕೇಳಿದ್ದು. ನಾನು ಹಾಕುವುದಿಲ್ಲ ಮಗಳೇ ಅಂದೆ. ಅವಳು ನಂಬಿದಳೋ ಇಲ್ಲವೋ.

ಮಿಲ್ಲಿನಲ್ಲಿ ಮೇಸ್ತ್ರಿ ನನ್ನನ್ನು ಯಂತ್ರದಿಂದ ತೆಗೆದು ಹೊರಗೆ ಮರದ ದಿಮ್ಮಿಗಳ ಹತ್ತಿರ ಹಾಕಿದ. ಮಿಲ್ಲಿಗೆ ಸರ್ಕಾರದ ಆರ್ಡರು ಬಂದಿದೆ, ಅದಕ್ಕೆ ಅಂದ. ಆರ್ಡರಿಗೂ ನನಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ತನಗೂ ಗೊತ್ತಿಲ್ಲ ಅಂದ. ಪಾಪ, ಅವನಿಗೂ ನಿಜವಾಗಿ ಗೊತ್ತಿಲ್ಲ. ದೇಶಕ್ಕೆ ನಿಷ್ಠನಾಗಿರುತ್ತೇನೆಂದು ಒಂದು ಹಾಳೆಗೆ ರುಜು ಹಾಕಿಸಿಕೊಂಡ. ಸಂತೋಷವಾಗಿ ಹಾಕಿದೆ. ಅಲ್ಲಿ ನಮ್ಮ ಹಳ್ಳಿಯಲ್ಲಿ ನನ್ನ ತಂಗಿ ಮಾರ್ತಾಳ ಹೊಲವನ್ನು, ಅವಳ ಎರಡು ಹಸುಗಳನ್ನು ಕಿತ್ತುಕೊಂಡವರು ಯಾರು, ಕಮ್ಯುನಿಸ್ಟರೇ ಅಲ್ಲವೇ? ಆ ಜನರನ್ನು ನನಗಿಂತ ಹೆಚ್ಚು ದ್ವೇಷಿಸುವವರು ಈ ಊರಿನಲ್ಲಿ ಯಾರಿದ್ದಾರೆ? ಇದನ್ನು ಯಾರಿಗಾದರೂ ಹೇಳೋಣವೆಂದರೆ ಯಾರೂ ಕೇಳುವುದಿಲ್ಲ. ಕೇಳದೇ ಇದ್ದಾಗ ಹೇಳಲು ಹೋದರೆ ಅದಕ್ಕೂ ಏನೋ ಅರ್ಥ ಬರುತ್ತದೆ.

ಮೇ ಕೊನೆಯಲ್ಲಿ ಸರ್ಕಾರದ ಕಡೆಯವರು ಇಬ್ಬರು ಬಂದರು. ತುಂಬಾ ಮರ್ಯಾದಸ್ಥರು. ಹೊಸಿಲು ದಾಟುವಾಗ ತಾವಾಗಿಯೇ ಟೋಪಿ ತೆಗೆದರು, ನನಗೆ ಬೆವರು ಕಿತ್ತುಬಂತು. ಅಮ್ಮ ಕೊಟ್ಟ ಗಸಗಸೆ ರೊಟ್ಟಿ ತಿಂದರು. ವೇದಿಕೆಯ ಮೇಲೆ ನಾನು ಕೂಗಿದ ಮಾತು ಯಾವ ಭಾಷೆ, ಅದರ ಅರ್ಥವೇನು, ಯಾರು ಕಲಿಸಿದರು, ಮಾರ್ತಾಳಿಗೆ ಕಳಿಸುವ ಪೊಟ್ಟಣದಲ್ಲಿ ಏನಿರುತ್ತದೆ ಎಂದೆಲ್ಲ ಕೇಳಿದರು. ಕಾಫಿಪುಡಿ, ಹಳೇ ಕೋಟು ಅಂದೆ. ಮನೆಯಲ್ಲಿ ಯಾವ ಭಾಷೆ ಎಂದು ಕಿರಿಯವನು ಕೇಳಿದಾಗ ನಾನು ಹಿಂದುಮುಂದು ನೋಡದೆ, "ಸ್ಲೋವಾಕ್. ನನ್ನ ಮಗನಿಗೂ ಚೆನ್ನಾಗಿ ಬರುತ್ತೆ, ಅದಕ್ಕೇ ನಿಮ್ಮ ಸೈನ್ಯ," ಅಂದವನು ಮಾತನ್ನು ಅಲ್ಲೇ ನುಂಗಿದೆ. ನೀವು ಊಟದ ಮೇಜಿನಲ್ಲಿ ಕಿವಿ ಹಿಂಡಿ ಕಲಿಸಿದ ಭಾಷೆಗೆ ಈಗ ಸಂಬಳ ಸಿಗುತ್ತಿದೆ, ಹೆಚ್ಚು ಕೇಳಬೇಡಿ ಅಂತ ನೀನು ಬರೆದಿದ್ದೆಯಲ್ಲ. ಅದನ್ನು ಇವರಿಗೆ ಹೇಳಬಹುದೋ ಹೇಳಬಾರದೋ? ಇವರೂ ಸರ್ಕಾರ, ಅವರೂ ಸರ್ಕಾರ.

"ಸೈನ್ಯ ಏನು, ಬೀಲಿಕ್ ಅವರೇ?" ಅಂದ ಕಿರಿಯವನು, ಪೆನ್ಸಿಲ್ಲು ಎತ್ತಿಕೊಂಡು.

"ಸೈನ್ಯದಲ್ಲಿ ಊಟ ಚೆನ್ನಾಗಿದೆಯಂತೆ," ಅಂದೆ.

ಅಮ್ಮ ಒಲೆಯ ಕಡೆಗೆ ತಿರುಗಿಕೊಂಡಳು. ಒಂದೇ ಭಾಷೆ ನಿನ್ನ ಬಾಯಲ್ಲಿದ್ದರೆ ದೇಶಸೇವೆ, ನನ್ನ ಬಾಯಲ್ಲಿದ್ದರೆ ಅನುಮಾನ. ನನಗೆ ಸಿಟ್ಟು ಬಂದಿಲ್ಲ ಮತೂಷ್, ಸಿಟ್ಟು ಬರಬೇಕಾದರೆ ಮೊದಲು ಅರ್ಥವಾಗಬೇಕು.

ಕಳೆದ ವಾರ ಮೊಳೆ ತರಲೆಂದು ಕ್ಲಿಫರ್ಡನ ಅಂಗಡಿಗೆ ಹೋದೆ. ಬೇರೆ ಗಿರಾಕಿ ಇರಲಿಲ್ಲ. ಮೊಳೆ ತೂಗುತ್ತಿದ್ದವನು ಕೈ ನಿಲ್ಲಿಸಿ, ನನ್ನ ಮುಖ ನೋಡದೆ ಮಾತಾಡಿದ. "ಜಾರ್ಜ್, ನೀನು ಕಮ್ಯುನಿಸ್ಟ್ ಅಲ್ಲ ಅಂತ ನಂಗೊತ್ತು. ಬಂದು ಕೇಳಿದವ್ರಿಗೂ ಅದನ್ನೇ ಹೇಳಿದೀನಿ. ಆದ್ರೆ ಅವತ್ತು ನಾನು ಟೋಪಿ ತೆಗೆದೆ. ಜರ್ಮನ್ನರ ಗುಂಡಿಗೂ ತಲೆ ತಗ್ಗಿಸಿದವನಲ್ಲ ನಾನು. ಯಾಕೆ ತೆಗೆದೆ ಅಂತ ಇವತ್ತಿನವರೆಗೂ ಗೊತ್ತಾಗಿಲ್ಲ. ನಿನ್ನನ್ನ ನೋಡಿದಾಗೆಲ್ಲ ಅದೇ ನೆನಪಾಗುತ್ತೆ. ಸ್ವಲ್ಪ ದಿನ ಈ ಕಡೆ ಬರಬೇಡ."

ನಮ್ಮಪ್ಪನೂ ತೆಗೆದಿದ್ದ, ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ ಅಂತ ಹೇಳೋಣವೆನಿಸಿತು. ಇಂಗ್ಲಿಷಿನಲ್ಲಿ ಅದನ್ನು ಹೇಗೆ ಹೇಳುವುದೋ ತಿಳಿಯಲಿಲ್ಲ. ಮೊಳೆ ತೆಗೆದುಕೊಂಡು ಬಂದೆ. ಮೊಲಗಳಿಗೆ ಅಡ್ಡವಾಗಿ ತಂತಿ ಬಿಗಿಯಬೇಕಿತ್ತು, ಬಿಗಿದೆ.

ನೀನು ಚಿಂತೆ ಮಾಡಬೇಡ. ಹೊಟ್ಟೆಗೆ, ಬಟ್ಟೆಗೆ ತೊಂದರೆಯಿಲ್ಲ. ಹೊರಗಿನ ಕೆಲಸದಿಂದ ನನಗೆ ಹಸಿವೂ ಚೆನ್ನಾಗಿ ಆಗುತ್ತಿದೆ. ವೇಳೆಗೆ ಸರಿಯಾಗಿ ಉಣ್ಣು, ಒದ್ದೆ ಬೂಟಿನಲ್ಲಿ ಕೂರಬೇಡ, ಮೇಲಿನವರ ಮಾತು ಕೇಳು. ದೇವರ ತಾಯಿ ನಿನ್ನ ತಲೆಯ ಮೇಲೆ ಕೈಯಿಟ್ಟು ಕಾಯಲಿ. ಅಮ್ಮನ ಮುತ್ತುಗಳು, ನನ್ನ ತುಂಬು ಮನಸ್ಸಿನ ಆಶೀರ್ವಾದ.

ನಿನ್ನ ಅಪ್ಪ,
ಯುರಾಯ್ ಬೀಲಿಕ್

ಮರೆತ ಮಾತು: ಪಾದ್ರಿಗಳ ತಂಗಿಯ ಮಗ ಬಾಗಿಲಲ್ಲಿ ಕಾರು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಕಿರಿಯ ಅಧಿಕಾರಿ ಶುಕ್ರವಾರ ಒಬ್ಬನೇ ಮಿಲ್ಲಿನ ಗೇಟಿನ ಹತ್ತಿರ ಸಿಕ್ಕಿದ್ದ. ಒಳ್ಳೆಯ ಹುಡುಗ, ತನಗೂ ತಂದೆ ಇದ್ದಾರೆ ಅಂದ. ನಿನ್ನ ಹಾಗೆ ಗುಟ್ಟಿನ ಕೆಲಸ ಮಾಡುವವರ ಮನೆಯ ಮೇಲೆ ಅನುಮಾನ ಬಂದರೆ ಅವರನ್ನು ಆ ಕೆಲಸದಿಂದ ತೆಗೆದು ಎಲ್ಲಿಗೆ ಬೇಕಾದರೂ ಹಾಕುತ್ತಾರಂತೆ, ಈಗ ಎಲ್ಲಿಗೆ ಅಂದರೆ ಕೊರಿಯಾದ ಯುದ್ಧಕ್ಕೇ. ಅಪ್ಪ ಮಗನಿಗೆ ಹೆಚ್ಚು ಒಡನಾಟವಿಲ್ಲ ಅಂತ ಕಂಡರೆ ಒಳ್ಳೆಯದು ಅಂದ. ಅದಕ್ಕೇ ನಿನ್ನ ಕಾಗದಗಳನ್ನೆಲ್ಲ ಒಲೆಗೆ ಹಾಕಿದೆ. ಇದಕ್ಕೆ ಉತ್ತರ ಬರೆಯಬೇಡ. ಮುಂದೆಯೂ ಬರೆಯಬೇಡ, ನಾನು ಹೇಳುವವರೆಗೆ. ನಾನು ಹೇಗೆ ಹೇಳುತ್ತೇನೋ ಗೊತ್ತಿಲ್ಲ. ಅಮ್ಮನಿಗೆ ಇದು ಯಾವುದೂ ಗೊತ್ತಿಲ್ಲ, ದಿನಾ ಮಧ್ಯಾಹ್ನ ಆ ಕಾಲೆಳೆದುಕೊಂಡು ಅಂಚೆ ಪೆಟ್ಟಿಗೆಯವರೆಗೆ ಹೋಗುತ್ತಾಳೆ. ಅವಳಿಗೆ ಏನು ಹೇಳಲಿ ಅಂತ ನಿನಗೇನಾದರೂ ಹೊಳೆದರೆ ಒಂದು ಸಾಲು ಬರೆ. ಬೇಡ, ಅದನ್ನೂ ಬರೆಯಬೇಡ.